ವಿಲ್ಲಿ ಪೆಪ್ – ಸ್ಯಾಂಡಿ ಸ್ಯಾಡ್ಲರ್: ಸೋತವರಿಗೇಕೆ ಮೊದಲ ಸ್ಥಾನ?

ವೃತ್ತಿಪರ ಮುಷ್ಟಿಯುದ್ಧದಲ್ಲಿ ಫೆದರ್‌ವೇಟ್ ಎಂದರೆ 126 ಪೌಂಡ್, ಅಂದರೆ ಸುಮಾರು 57 ಕಿಲೋ ತೂಕದ ಮಿತಿಗೆ ಒಳಪಟ್ಟ ವಿಭಾಗ. ನೆರೆಯ ನಿಜಾಮಾಬಾದಿನ ಮೊಹಮ್ಮದ್ ಹುಸಾಮುದ್ದೀನ್ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಕಂಚಿನ ಪದಕ ಪಡೆದದ್ದು ಇದೇ ತೂಕದಲ್ಲಿ. ಈ ವಿಭಾಗದ ಇತಿಹಾಸವನ್ನು ಬರೆಯುವವರು ಯಾರೇ ಆಗಲಿ, ಅಮೆರಿಕದ ಇಬ್ಬರನ್ನು ದಾಟಿ ಮುಂದೆ ಹೋಗುವಂತಿಲ್ಲ. ಒಬ್ಬರು ವಿಲ್ಲಿ ಪೆಪ್, ಇನ್ನೊಬ್ಬರು ಸ್ಯಾಂಡಿ ಸ್ಯಾಡ್ಲರ್.

1948ರಿಂದ 1951ರ ಅವಧಿಯಲ್ಲಿ ಇವರು ವಿಶ್ವ ಕಿರೀಟಕ್ಕಾಗಿ ನಾಲ್ಕು ಬಾರಿ ಸೆಣಸಿದರು. ಮೂರರಲ್ಲಿ ಸ್ಯಾಡ್ಲರ್ ಗೆದ್ದರು, ಒಂದರಲ್ಲಿ ಪೆಪ್. ಹೀಗಿದ್ದೂ 1999ರಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಶತಮಾನದ ಶ್ರೇಷ್ಠ ಫೆದರ್‌ವೇಟ್ ಎಂದು ಹೆಸರಿಸಿದ್ದು ಪೆಪ್ ಅವರನ್ನು. ಕುಸ್ತಿ ಕಣದಲ್ಲಿ ಮೂರು ಸಲ ಚಿತ್ ಆದವನಿಗೆ ಬೆಳ್ಳಿ ಕಡಗ ತೊಡಿಸಿದರೆ ಭೀಮಾ ತೀರದ ಜಾತ್ರೆಗಳಲ್ಲಿ ಯಾರೂ ಒಪ್ಪಲಾರರು. ಮುಷ್ಟಿಯುದ್ಧದ ಪಂಡಿತರು ಏಕೆ ಒಪ್ಪಿದರು ಎಂಬುದನ್ನು ತಿಳಿಯಲು ಇಬ್ಬರ ವೃತ್ತಿಜೀವನವನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಹೊಡೆತ ತಪ್ಪಿಸುವ ವಿದ್ಯೆ

ಪೆಪ್ ಅವರ ಮೂಲ ಹೆಸರು ಗುಲ್ಯೆಲ್ಮೊ ಪಾಪಲೆಯೊ. ಇಟಲಿ ಮೂಲದ ವಲಸಿಗರ ಮಗ. 1922ರ ಸೆಪ್ಟೆಂಬರ್ 19ರಂದು ಕನೆಕ್ಟಿಕಟ್ ರಾಜ್ಯದ ಮಿಡ್ಲ್‌ಟೌನ್‌ನಲ್ಲಿ ಜನಿಸಿ ಹಾರ್ಟ್‌ಫರ್ಡ್ ನಗರದಲ್ಲಿ ಬೆಳೆದರು. 1940ರಲ್ಲಿ ವೃತ್ತಿಪರರಾದ ಅವರು ಮೊದಲ 62 ಪಂದ್ಯಗಳನ್ನೂ ಗೆದ್ದರು. 1942ರ ನವೆಂಬರ್ 20ರಂದು ಚಾಕಿ ರೈಟ್ ಅವರನ್ನು ಮಣಿಸಿ ನ್ಯೂಯಾರ್ಕ್ ಆಯೋಗದ ಮಾನ್ಯತೆಯ ಫೆದರ್‌ವೇಟ್ ಕಿರೀಟ ಧರಿಸಿದಾಗ ಅವರ ವಯಸ್ಸು ಕೇವಲ 20. ಮರುವರ್ಷ ಮಾರ್ಚ್‌ನಲ್ಲಿ ಸ್ಯಾಮಿ ಆಂಗಟ್ ಎಂಬ ಹೆಚ್ಚು ತೂಕದ ವಿಭಾಗದ ಆಟಗಾರನಿಂದ ಮೊದಲ ಸೋಲು ಉಂಡರು. ಅಲ್ಲಿಂದ ಮುಂದೆ ಐದೂವರೆ ವರ್ಷ ಅವರನ್ನು ಸೋಲಿಸುವವರು ಯಾರೂ ಹುಟ್ಟಲಿಲ್ಲ.

ಪೆಪ್ ಅವರ ಶಕ್ತಿ ಮುಷ್ಟಿಯಲ್ಲಿ ಇರಲಿಲ್ಲ, ಪಾದಗಳಲ್ಲಿತ್ತು. 229 ಗೆಲುವುಗಳಲ್ಲಿ ನಾಕೌಟ್ ಆದವು 65 ಮಾತ್ರ. ಎದುರಾಳಿ ಹೊಡೆಯಲು ಕೈ ಎತ್ತುವಷ್ಟರಲ್ಲಿ ಅವರು ಬದಿಗೆ ಸರಿದಿರುತ್ತಿದ್ದರು. ಸರಿಯುವಾಗಲೇ ಎಡಗೈಯಿಂದ ಮುಖಕ್ಕೆ ಚುರುಕಾಗಿ ಒಂದು ಏಟು. 1946ರಲ್ಲಿ ಜಾಕಿ ಗ್ರೇವ್ಸ್ ವಿರುದ್ಧದ ಪಂದ್ಯದ ಒಂದು ಸುತ್ತನ್ನು ಒಂದೇ ಒಂದು ಏಟು ಹಾಕದೆ, ಕೇವಲ ತಪ್ಪಿಸಿಕೊಂಡೇ ಗೆದ್ದರು ಎಂಬ ಕಥೆ ಇಂದಿಗೂ ಪ್ರಚಲಿತದಲ್ಲಿದೆ. ಸಂಶೋಧಕರು ಇದನ್ನು ಪೂರ್ತಿಯಾಗಿ ನಂಬುವುದಿಲ್ಲ. ಆದರೆ ಬೇರೆ ಯಾವ ಆಟಗಾರನ ಬಗ್ಗೆಯೂ ಇಂಥ ಕಥೆ ಹುಟ್ಟಿಲ್ಲ ಎಂಬುದನ್ನು ಮರೆಯಲಾಗದು.

1947ರ ಜನವರಿಯಲ್ಲಿ ನ್ಯೂಜೆರ್ಸಿಯಲ್ಲಿ ಅವರು ಪ್ರಯಾಣಿಸುತ್ತಿದ್ದ ವಿಮಾನ ಪತನಗೊಂಡಿತು. ಕಾಲು ಮುರಿಯಿತು, ಬೆನ್ನುಮೂಳೆಗೆ ಪೆಟ್ಟಾಯಿತು. ಐದೇ ತಿಂಗಳಲ್ಲಿ ಅವರು ಮತ್ತೆ ಕಣಕ್ಕಿಳಿದರು. ಅಪಘಾತದ ನಂತರದ ಪೆಪ್ ಹಳೆಯ ಪೆಪ್ ಆಗಿರಲಿಲ್ಲ ಎಂಬುದು ಅವರ ಅಭಿಮಾನಿಗಳ ಮುಖ್ಯ ವಾದ.

ಕಾದು ಕಾದು ಬಂದ ಅವಕಾಶ

ಸ್ಯಾಡ್ಲರ್ 1926ರ ಜೂನ್ 23ರಂದು ಬಾಸ್ಟನ್‌ನಲ್ಲಿ ಹುಟ್ಟಿದರು. ಹೆಸರು ಜೋಸೆಫ್. ವೆಸ್ಟ್ ಇಂಡೀಸ್ ಮೂಲದ ಕಪ್ಪು ಕುಟುಂಬ. ಬೆಳೆದದ್ದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಐದು ಅಡಿ ಎಂಟೂವರೆ ಅಂಗುಲದ ಎತ್ತರ ಈ ತೂಕಕ್ಕೆ ಅಪರೂಪ. ಉದ್ದನೆಯ ತೋಳುಗಳಿದ್ದರೂ ದೂರ ನಿಂತು ಆಡದೆ ಎದುರಾಳಿಯ ಮೈಮೇಲೆ ಬಿದ್ದು ಪಕ್ಕೆಗೆ ಗುದ್ದುವುದು ಅವರ ರೀತಿ. 162 ಪಂದ್ಯಗಳಲ್ಲಿ 144 ಗೆಲುವು, ಅವುಗಳಲ್ಲಿ ನೂರಕ್ಕೂ ಹೆಚ್ಚು ನಾಕೌಟ್. ಹಗುರ ತೂಕದವರಲ್ಲಿ ಇದು ಬೆರಗುಗೊಳಿಸುವ ಅಂಕಿ. 2003ರಲ್ಲಿ ‘ದಿ ರಿಂಗ್’ ಪತ್ರಿಕೆ ಎಲ್ಲ ತೂಕದ ಬಲಿಷ್ಠ ಹೊಡೆತಗಾರರ ಪಟ್ಟಿ ಮಾಡಿದಾಗ ಅವರಿಗೆ ಐದನೇ ಸ್ಥಾನ ನೀಡಿತು.

ಅವರು ವೃತ್ತಿಗೆ ಕಾಲಿಟ್ಟದ್ದು 1944ರಲ್ಲಿ, ಪೆಪ್ ಅವರದೇ ಊರಾದ ಹಾರ್ಟ್‌ಫರ್ಡ್‌ನಲ್ಲಿ. ಎರಡನೆಯ ಪಂದ್ಯದಲ್ಲೇ ಜಾಕ್ ಲೆಸ್ಲಿ ಅವರಿಂದ ನಾಕೌಟ್ ಆದರು. ಅದೇ ಲೆಸ್ಲಿಯನ್ನು 1947ರಲ್ಲಿ ಪೆಪ್ ಹನ್ನೆರಡನೇ ಸುತ್ತಿನಲ್ಲಿ ಉರುಳಿಸಿದರು. ಆ ಒಂದು ಸೋಲಿನ ನಂತರ ಸ್ಯಾಡ್ಲರ್ ಅವರನ್ನು ಮತ್ತೆಂದೂ ಯಾರೂ ನಾಕೌಟ್ ಮಾಡಲಿಲ್ಲ. ಆದರೂ ಕಿರೀಟಕ್ಕೆ ಸೆಣಸುವ ಅವಕಾಶ ದೊರೆಯಲು ಸುಮಾರು 90 ಪಂದ್ಯಗಳನ್ನು ಆಡಬೇಕಾಯಿತು. ಅಪಾಯಕಾರಿ ಕಪ್ಪು ಆಟಗಾರರನ್ನು ದೂರವಿಡುವುದು ಆ ಕಾಲದ ವ್ಯವಸ್ಥಾಪಕರ ವಾಡಿಕೆಯಾಗಿತ್ತು.

ನಾಲ್ಕು ಪಂದ್ಯಗಳು

ಮೊದಲ ಪಂದ್ಯ 1948ರ ಅಕ್ಟೋಬರ್ 29ರಂದು ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಡೆಯಿತು. ಆ ಹೊತ್ತಿಗೆ ಪೆಪ್ ಅವರ ದಾಖಲೆ 134 ಗೆಲುವು, ಒಂದು ಸೋಲು, ಒಂದು ಡ್ರಾ. ನಾಲ್ಕನೇ ಸುತ್ತು ಮುಗಿಯುವ ಮೊದಲೇ ಎಲ್ಲವೂ ಮುಗಿದಿತ್ತು. ನಾಲ್ಕು ಬಾರಿ ನೆಲಕ್ಕುರುಳಿದ ಪೆಪ್ ಕೊನೆಯ ಬಾರಿ ಏಳಲಿಲ್ಲ.

ಮೂರೂವರೆ ತಿಂಗಳ ನಂತರ, 1949ರ ಫೆಬ್ರವರಿ 11ರಂದು, ಅದೇ ಕಣದಲ್ಲಿ ಮರುಪಂದ್ಯ. ಪೆಪ್ ಅವರ ಕೀರ್ತಿ ನಿಂತಿರುವುದು ಬಹುಪಾಲು ಈ ಒಂದು ರಾತ್ರಿಯ ಮೇಲೆ. ಮೊದಲ ಸುತ್ತಿನಲ್ಲಿ ಅವರ ಎಡಗೈ ಏಟುಗಳು ಒಂದರ ಹಿಂದೆ ಒಂದರಂತೆ ಸ್ಯಾಡ್ಲರ್ ಅವರ ಮುಖಕ್ಕೆ ಬಿದ್ದವು. 37 ಏಟುಗಳು ಉತ್ತರವಿಲ್ಲದೆ ಬಿದ್ದವೆಂದು ಅಂದಿನ ವರದಿಗಾರರು ಲೆಕ್ಕವಿಟ್ಟರು. ನಂತರದ ಸುತ್ತುಗಳಲ್ಲಿ ಸ್ಯಾಡ್ಲರ್ ಹತ್ತಿರ ಬಂದರು, ಪೆಪ್ ಅವರ ಮುಖ ಸೀಳಿತು, ಕಾಲುಗಳು ತಡವರಿಸಿದವು. ಆದರೂ ಬೀಳಲಿಲ್ಲ. 15 ಸುತ್ತುಗಳು ಮುಗಿದಾಗ ತೀರ್ಪು ಪೆಪ್ ಪರವಾಗಿತ್ತು. ‘ದಿ ರಿಂಗ್’ ಇದನ್ನು ಆ ವರ್ಷದ ಶ್ರೇಷ್ಠ ಪಂದ್ಯವೆಂದು ಘೋಷಿಸಿತು.

1950ರ ಸೆಪ್ಟೆಂಬರ್ 8ರಂದು ಯಾಂಕೀ ಕ್ರೀಡಾಂಗಣದಲ್ಲಿ ಮೂರನೆಯದು. ಅಂಕಗಳಲ್ಲಿ ಮುಂದಿದ್ದ ಪೆಪ್, ಏಳನೇ ಸುತ್ತಿನ ಕೊನೆಗೆ ಭುಜ ಕೀಲು ತಪ್ಪಿ ಹಿಂದೆ ಸರಿದರು. ಸ್ಯಾಡ್ಲರ್ ತೋಳು ಹಿಡಿದು ತಿರುಚಿದ್ದೇ ಇದಕ್ಕೆ ಕಾರಣವೆಂದು ಅವರು ದೂರಿದರು. 1951ರ ಸೆಪ್ಟೆಂಬರ್ 26ರ ನಾಲ್ಕನೇ ಪಂದ್ಯವನ್ನಂತೂ ಮುಷ್ಟಿಯುದ್ಧ ಎನ್ನುವುದೇ ಕಷ್ಟ. ಗರಡಿಮನೆಯಲ್ಲಿ ಎದುರಾಳಿಯನ್ನು ಹಿಡಿಯುವುದೇ ವಿದ್ಯೆ. ಬಾಕ್ಸಿಂಗ್‌ನಲ್ಲಿ ಹಿಡಿದು ಹೊಡೆಯುವುದು ಅಪರಾಧ. ಪೋಲೋ ಗ್ರೌಂಡ್ಸ್‌ನಲ್ಲಿ ಇಬ್ಬರೂ ಹಿಡಿದರು, ನೂಕಿದರು, ಕಾಲು ತೊಡರಿಸಿದರು, ಕಣ್ಣಿಗೆ ಹೆಬ್ಬೆರಳು ಚುಚ್ಚಿದರು. ಬಿಡಿಸಲು ಬಂದ ರೆಫರಿಯೂ ನೆಲಕ್ಕೆ ಬಿದ್ದರು. ಕಣ್ಣಿನ ಮೇಲೆ ಸೀಳು ಗಾಯವಾಗಿದ್ದ ಪೆಪ್ ಒಂಬತ್ತು ಸುತ್ತುಗಳ ನಂತರ ಆಟ ನಿಲ್ಲಿಸಿದರು. ನ್ಯೂಯಾರ್ಕ್ ಆಯೋಗ ಇಬ್ಬರ ಮೇಲೂ ಶಿಸ್ತುಕ್ರಮ ಜರುಗಿಸಿತು.

ತೂಕಕ್ಕೆ ಇಟ್ಟರೆ

ಈ ಕೊನೆಯ ಪಂದ್ಯದ ಕಳಂಕವನ್ನು ಸ್ಯಾಡ್ಲರ್ ಒಬ್ಬರ ತಲೆಗೆ ಕಟ್ಟಲಾಯಿತು ಎಂಬುದು ನಿಜ. ‘ಕೊಳಕು ಆಟಗಾರ’ ಎಂಬ ಮಾತು ಅವರ ಹೆಸರಿನ ಜೊತೆ ಅಂಟಿಕೊಂಡಿತು. ಅಂದು ಪೆಪ್ ಕೂಡ ಅಷ್ಟೇ ಕೈ ಕೊಳೆ ಮಾಡಿಕೊಂಡಿದ್ದರು ಎಂಬುದು ಮರೆತುಹೋಯಿತು. ವಿಮಾನ ಅಪಘಾತದ ವಾದವೂ ಅರ್ಧ ಮಾತ್ರ ನಿಲ್ಲುತ್ತದೆ. ಅಪಘಾತದ ನಂತರವೂ ಪೆಪ್ ಒಂದೂವರೆ ವರ್ಷ ಎಲ್ಲರನ್ನೂ ಗೆದ್ದಿದ್ದರು. ಆ ಓಟ ಮುರಿದದ್ದು ಸ್ಯಾಡ್ಲರ್ ಅವರೇ. ಮುಖಾಮುಖಿಯ ಲೆಕ್ಕದಲ್ಲಿ ಸ್ಯಾಡ್ಲರ್ ಮೇಲುಗೈ ಪ್ರಶ್ನಾತೀತ. ಒಟ್ಟು ವೃತ್ತಿಜೀವನವನ್ನು ಅಳೆದರೆ ಮಾತ್ರ 241 ಪಂದ್ಯಗಳಲ್ಲಿ 11 ಸೋಲು ಎಂಬ ಪೆಪ್ ದಾಖಲೆಗೆ ಸಾಟಿ ಸಿಗುವುದಿಲ್ಲ.

ಅದೃಷ್ಟವೂ ಸ್ಯಾಡ್ಲರ್ ಕಡೆಗಿರಲಿಲ್ಲ. ಉತ್ತುಂಗದಲ್ಲಿದ್ದಾಗಲೇ 1952ರಲ್ಲಿ ಸೇನೆಗೆ ಕರೆ ಬಂದು ಎರಡು ವರ್ಷಗಳಷ್ಟು ಕಾಲ ಹೋಯಿತು. 1955ರ ಜುಲೈನಲ್ಲಿ ಮನಿಲಾದಲ್ಲಿ ಫಿಲಿಪ್ಪೀನ್ಸ್‌ನ ಫ್ಲ್ಯಾಶ್ ಎಲೋರ್ಡೆ ಅವರಿಗೆ ಸೋತರೂ, ಮುಂದಿನ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅವರನ್ನೇ ಹದಿಮೂರನೇ ಸುತ್ತಿನಲ್ಲಿ ತಡೆದು ಕಿರೀಟ ಉಳಿಸಿಕೊಂಡರು. 1956ರಲ್ಲಿ ಟ್ಯಾಕ್ಸಿ ಅಪಘಾತದಲ್ಲಿ ಕಣ್ಣಿಗೆ ಗಾಯವಾಗಿ, ಮರುವರ್ಷದ ಆರಂಭದಲ್ಲಿ 30ರ ವಯಸ್ಸಿಗೇ, ಚಾಂಪಿಯನ್ ಆಗಿರುವಾಗಲೇ ನಿವೃತ್ತರಾದರು. ಮುಂದೆ ಜಾರ್ಜ್ ಫೋರ್‌ಮನ್ ಅವರ ತರಬೇತುದಾರರ ಬಳಗದಲ್ಲಿ ಕೆಲಸ ಮಾಡಿದರು.

ಪೆಪ್ 1966ರವರೆಗೂ ಕೈಗವಸು ಬಿಡಲಿಲ್ಲ. ಆಮೇಲೆ ರೆಫರಿಯಾದರು. 1969ರಲ್ಲಿ ಸಿಡ್ನಿಯಲ್ಲಿ ನಡೆದ ಜಾನಿ ಫಾಮಶಾನ್ – ಫೈಟಿಂಗ್ ಹರಾಡಾ ಫೆದರ್‌ವೇಟ್ ಕಿರೀಟ ಪಂದ್ಯದಲ್ಲಿ ಇಬ್ಬರ ಕೈಯನ್ನೂ ಎತ್ತಿ ಡ್ರಾ ಎಂದು ಸಾರಿದರು. ಅಂಕಪಟ್ಟಿಯನ್ನು ಮತ್ತೆ ಕೂಡಿಸಿದಾಗ ಫಾಮಶಾನ್ ಒಂದು ಅಂಕದಿಂದ ಗೆದ್ದಿದ್ದರು. ಹೊಡೆತಗಳ ಲೆಕ್ಕದಲ್ಲಿ ಎಂದೂ ತಪ್ಪದವರು ಕೂಡುವ ಲೆಕ್ಕದಲ್ಲಿ ತಪ್ಪಿದರು ಎನ್ನಬೇಕು.

1990ರಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್ ಇಬ್ಬರನ್ನೂ ಒಂದೇ ವರ್ಷ ಸೇರಿಸಿಕೊಂಡಿತು. ಕೊನೆಗಾಲದಲ್ಲಿ ಇಬ್ಬರ ನೆನಪೂ ಅಳಿಸಿಹೋಗಿತ್ತು. ತಲೆಗೆ ಏಟು ತಿಂದು ಬದುಕಿದ ಎಷ್ಟೋ ಆಟಗಾರರ ಪಾಡು ಇದೇ. ಸ್ಯಾಡ್ಲರ್ 2001ರ ಸೆಪ್ಟೆಂಬರ್ 18ರಂದು, ಪೆಪ್ 2006ರ ನವೆಂಬರ್ 23ರಂದು ನಿಧನರಾದರು.