ಪರಿಣಾಮಕ್ಕೆ ಪತ್ರ ಬೇಕು: ಬ್ರಿಟನ್ನಿನ ಸಂಶೋಧನಾ ಮೌಲ್ಯಮಾಪನ, ಕಾಸರಗೋಡಿನಿಂದ ನೋಡಿದಾಗ

ಸಂಶೋಧನೆಯಿಂದ ಸಮಾಜಕ್ಕೆ ಏನು ಸಿಕ್ಕಿತು ಎಂಬ ಪ್ರಶ್ನೆ ಹಳೆಯದು. ಅದಕ್ಕೆ ಅಂಕ ಕೊಟ್ಟು, ಅಂಕಕ್ಕೆ ಅನುದಾನವನ್ನು ಕಟ್ಟಿದ್ದು ಈಚಿನ ಸಂಗತಿ. ಅದರ ಚರಿತ್ರೆ ಸ್ಪಷ್ಟವಾಗಿ ಕಾಣುವುದು ಬ್ರಿಟನ್ನಿನಲ್ಲಿ.

ಅಲ್ಲಿ 1986ರಿಂದಲೇ ಕೆಲವು ವರ್ಷಕ್ಕೊಮ್ಮೆ ವಿಶ್ವವಿದ್ಯಾಲಯಗಳ ಸಂಶೋಧನೆಯನ್ನು ಅಳೆಯುತ್ತಿದ್ದರು. ಮೊದಲೆಲ್ಲ ವಿದ್ವಾಂಸರ ಕೆಲಸವನ್ನು ವಿದ್ವಾಂಸರೇ ನೋಡಿ ಶ್ರೇಣಿ ಕೊಡುವ ಕ್ರಮ. 2014ರಲ್ಲಿ 'ರಿಸರ್ಚ್ ಎಕ್ಸಲೆನ್ಸ್ ಫ್ರೇಮ್‌ವರ್ಕ್' ಎಂಬ ಹೊಸ ಹೆಸರಿನಡಿ, ವಿದ್ವತ್ ವಲಯದ ಹೊರಗೆ ಆದ ಪರಿಣಾಮಕ್ಕೆ ಶೇ. 20 ಪಾಲು ಬಂತು. 2021ಕ್ಕೆ ಅದು ಶೇ. 25 ಆಯಿತು. 2014ರಲ್ಲಿ 6,975 ಪ್ರಕರಣ ವರದಿಗಳು ಸಲ್ಲಿಕೆಯಾದವು. ಒಂದೊಂದೂ ನಾಲ್ಕು ಪುಟದ ನಮೂನೆ. ಸಂಶೋಧನೆ 1993ರಿಂದ 2013ರೊಳಗೆ ನಡೆದಿರಬೇಕು, ಪರಿಣಾಮ 2008ರಿಂದ 2013ರ ಜುಲೈ ಒಳಗೆ ಕಾಣಿಸಿರಬೇಕು, ಅದಕ್ಕೆ ಪುರಾವೆಯೂ ಬೇಕು.

ಈ ನಮೂನೆಯೇ ಕ್ರಮೇಣ ಸಂಸ್ಕೃತಿಯಾಯಿತು ಎಂಬುದು ನನ್ನ ವಾದ. ವರದಿ ಬರೆಸಲಿಕ್ಕೆಂದೇ ಹುದ್ದೆಗಳು ಹುಟ್ಟಿದವು. ಮ್ಯೂಸಿಯಂನವರಿಂದಲೋ ಇಲಾಖೆಯವರಿಂದಲೋ 'ನಿಮ್ಮ ಕೆಲಸ ಉಪಯೋಗವಾಯಿತು' ಎಂಬ ಪತ್ರ ಪಡೆದು ಫೈಲಿನಲ್ಲಿಡುವುದು ಅಧ್ಯಾಪಕರ ದುಡಿಮೆಯ ಭಾಗವಾಯಿತು. ಒಳ್ಳೆಯದೂ ಆಗಿದೆ ಅನ್ನಿ: ಜನರ ನಡುವೆ ಹೋಗಿ ಕೆಲಸ ಮಾಡುವವರನ್ನು 'ಇವ್ರೇನು ಸೀರಿಯಸ್ ವಿದ್ವಾಂಸರಾ' ಎಂದು ತಳ್ಳಿಹಾಕುವುದು ಕಷ್ಟವಾಯಿತು.

ಆ ಅಳತೆಗೋಲನ್ನು ನಮ್ಮ ನೆಲದಲ್ಲಿಟ್ಟು ನೋಡೋಣ. 1967ರಲ್ಲಿ ಮಹಾಜನ ಆಯೋಗ, ಕಾಸರಗೋಡಿನ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕೆಂದು ಶಿಫಾರಸು ಮಾಡಿತು. ಜಾರಿಯಾಗಲಿಲ್ಲ. ಅದು ವಿಶ್ವವಿದ್ಯಾಲಯದ ಸಂಶೋಧನೆಯಲ್ಲ, ನಿಜ. ಆದರೂ ಅಂಥದೊಂದು ಅಧ್ಯಯನ ಐದಾರು ವರ್ಷದ ಕಿಟಕಿಯಲ್ಲಿ ಹೇಗೆ ಕಾಣುತ್ತಿತ್ತು? ಚರ್ಚೆ ಹುಟ್ಟಿಸಿದ್ದೂ ಪರಿಣಾಮವೇ ಎಂದು ಬ್ರಿಟನ್ನಿನ ನಿಯಮ ಒಪ್ಪುತ್ತದೆ. ನಮ್ಮಲ್ಲಿ ಆ ಚರ್ಚೆ ಅರ್ಧ ಶತಮಾನ ದಾಟಿಯೂ ನಡೀತಾ ಇದೆ. ಯಾರಿಂದ ಪತ್ರ ತರೋದು?

ನಿಘಂಟುಗಳ ಕತೆಯೂ ಹಾಗೇ. ಗುಂಡರ್ಟರ ಮಲಯಾಳ ನಿಘಂಟು 1872ರಲ್ಲಿ, ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಿಂದಲೇ ಹೊರಬಂದವು. ಎರಡು ಭಾಷೆಗಳ ನಡುವೆ ಬದುಕುವ ನಮಗೆ ಇವತ್ತಿಗೂ ಎರಡೂ ಬೇಕು. ಪುಟ ತಿರುವಿದವರು ಯಾರೂ ಧನ್ಯವಾದ ಪತ್ರ ಬರೆಯುವುದಿಲ್ಲ.

ಇಲ್ಲಿ ಬ್ರಿಟನ್ನಿನಷ್ಟು ಕಟ್ಟುನಿಟ್ಟಿಲ್ಲ. 2010ರ ಯುಜಿಸಿ ನಿಯಮಗಳ ಎಪಿಐ ಅಂಕಗಳು ಹೆಚ್ಚಾಗಿ ಲೇಖನಗಳ ಎಣಿಕೆಯತ್ತ ಓಡಿಸಿದವು. ನ್ಯಾಕ್ ವಿಸ್ತರಣಾ ಚಟುವಟಿಕೆಯನ್ನೂ ನೋಡುತ್ತದೆ, ಅದಕ್ಕೆ ಫೋಟೋ ಬೇಕು. ಆದರೆ ವಿಷಯ ಆರಿಸುವ ಮೊದಲೇ ಫಾರಂ ನೋಡುವ ಅಭ್ಯಾಸ ನಮ್ಮ ಬ್ಯಾಚಿಗೂ ಬಂದಿದೆ. 2017ರ ಮಲಯಾಳ ಕಲಿಕೆ ಕಾಯ್ದೆಯಿಂದ ಕನ್ನಡ ಶಾಲೆಗಳಿಗೆ ಏನಾಯಿತು ಎಂಬ ಸಮೀಕ್ಷೆ ಮಾಡಿದರೆ 'ಸಾಮಾಜಿಕ ಉಪಯೋಗ' ಎಂಬ ಕಾಲಂ ತಾನಾಗಿ ತುಂಬುತ್ತದೆ. ಆ ಸಮೀಕ್ಷೆ ಬೇಕೇ ಬೇಕು. ನಾನು ಸಂಗ್ರಹಿಸುತ್ತಿರುವುದು ಹವ್ಯಕ ಮನೆಗಳ ಅಡಿಕೆ ತೋಟದ ಪದಗಳನ್ನು. ಆ ಕಾಲಂನಲ್ಲಿ ಸದ್ಯಕ್ಕೆ 'ಪದಗಳು ಸಿಗುತ್ತವೆ' ಎಂದಷ್ಟೇ ಬರೆದಿದ್ದೇನೆ.