ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಹೆಚ್ಚುತ್ತಿರುವುದು ನಿಜವೇ?

ಮಳೆಗಾಲಕ್ಕೆ ಮುಂಚೆ ಕರಾವಳಿಯಲ್ಲಿ ಗಾಳಿ ಎದ್ದರೆ ಸಾಕು, ವಾಟ್ಸ್‌ಆ್ಯಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಹರಿದಾಡುತ್ತವೆ. ‘ಭೂಮಿ ಬಿಸಿಯಾಗಿದೆ, ಇನ್ನು ಎಲ್ಲ ಕಡೆ ಚಂಡಮಾರುತಗಳೇ’ ಎನ್ನುವುದು ಒಂದು. ‘ಇವೆಲ್ಲ ಅಜ್ಜನ ಕಾಲದಲ್ಲೂ ಇದ್ದವು, ಹವಾಮಾನ ಬದಲಾವಣೆ ಬರೀ ಸುಳ್ಳು’ ಎನ್ನುವುದು ಇನ್ನೊಂದು. ನಾವು ಪರಿಶೀಲಿಸಿದಾಗ ಎರಡರಲ್ಲೂ ಅರ್ಧ ಸತ್ಯವಷ್ಟೇ ಕಂಡಿತು.

ಚಂಡಮಾರುತ ಹುಟ್ಟುವುದು ಹೇಗೆ?

ಸಮುದ್ರದ ಮೇಲ್ಭಾಗದ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬಿಸಿ ಇರಬೇಕು. ಅಲ್ಲಿಂದ ಎದ್ದ ಆವಿ ಮೋಡವಾಗುವಾಗ ಬಿಡುವ ಶಾಖವೇ ಚಂಡಮಾರುತಕ್ಕೆ ಇಂಧನ. ಆದರೆ ಬಿಸಿನೀರೊಂದೇ ಸಾಲದು. ಕೆಳಗಿನ ಮತ್ತು ಎತ್ತರದ ಗಾಳಿಯ ವೇಗ, ದಿಕ್ಕುಗಳಲ್ಲಿ ತುಂಬಾ ವ್ಯತ್ಯಾಸವಿದ್ದರೆ ಸುಳಿ ಚದುರಿಹೋಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮುಂಗಾರು ಜೋರಾಗಿದ್ದರೂ ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಅಪರೂಪವಾಗಿರಲು ಇದೇ ಮುಖ್ಯ ಕಾರಣ.

ಭೂಮಿ ಬಿಸಿಯಾದರೆ ಏನಾಗುತ್ತದೆ?

ಹಸಿರುಮನೆ ಅನಿಲಗಳು ಹಿಡಿದಿಡುವ ಹೆಚ್ಚುವರಿ ಶಾಖದ ಶೇ 90ರಷ್ಟು ಸಮುದ್ರ ಸೇರುತ್ತದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇ 7ರಷ್ಟು ಹೆಚ್ಚು ಆವಿ ಹಿಡಿಯಬಲ್ಲದು. ಹಾಗಾಗಿ ಚಂಡಮಾರುತ ಸುರಿಸುವ ಮಳೆ ಹೆಚ್ಚುತ್ತದೆ. ಆದರೆ ವಾತಾವರಣದ ಮೇಲಿನ ಪದರಗಳು ಇನ್ನೂ ಹೆಚ್ಚು ಬಿಸಿಯಾಗುವುದರಿಂದ ಕೆಳಗಿನ ಗಾಳಿಗೆ ಮೇಲೇರುವುದು ಕಷ್ಟವಾಗುತ್ತದೆ. ಐಪಿಸಿಸಿಯ 2021ರ ವರದಿ ಪ್ರಕಾರ, ಜಗತ್ತಿನಲ್ಲಿ ಚಂಡಮಾರುತಗಳ ಒಟ್ಟು ಸಂಖ್ಯೆ ಇಳಿಯಬಹುದು ಅಥವಾ ಈಗಿನಷ್ಟೇ ಇರಬಹುದು. ಅವುಗಳಲ್ಲಿ ತೀವ್ರವಾದವುಗಳ ಪಾಲು ಹೆಚ್ಚಲಿದೆ.

ನಮ್ಮ ಕಡಲಿನ ಲೆಕ್ಕ

ಹಿಂದೆ ಬಂಗಾಳ ಕೊಲ್ಲಿಯಲ್ಲಿ ನಾಲ್ಕು ಚಂಡಮಾರುತ ಎದ್ದರೆ ಅರಬ್ಬಿ ಸಮುದ್ರದಲ್ಲಿ ಒಂದು ಎನ್ನುವ ಲೆಕ್ಕವಿತ್ತು. 2019ರಲ್ಲಿ ಅರಬ್ಬಿ ಸಮುದ್ರದಲ್ಲೇ ಐದು ಎದ್ದವು. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳ ಅಧ್ಯಯನದಂತೆ, 1982–2000ಕ್ಕೆ ಹೋಲಿಸಿದರೆ 2001–2019ರಲ್ಲಿ ಇಲ್ಲಿನ ಚಂಡಮಾರುತಗಳು ಶೇ 52ರಷ್ಟು ಹೆಚ್ಚಿವೆ. ಬಂಗಾಳ ಕೊಲ್ಲಿಯಲ್ಲಿ ಶೇ 8ರಷ್ಟು ಇಳಿದಿವೆ. 2021ರ ಮೇ ತಿಂಗಳಲ್ಲಿ ‘ತೌಕ್ತೆ’ ಗುಜರಾತಿಗೆ ಅಪ್ಪಳಿಸಿತು. ನಮ್ಮ ಕರಾವಳಿಯ ಪಕ್ಕದಲ್ಲೇ ಹಾದುಹೋಗುವಾಗಲೇ ಅದು ಇಲ್ಲಿ ಕಡಲ್ಕೊರೆತ ತಂದು ಮನೆ, ರಸ್ತೆಗಳನ್ನು ಹಾಳುಮಾಡಿತ್ತು.

ನಾವೇನು ಮಾಡಬೇಕು?

ಬಿಸಿ ಕಡಲಿನ ಮೇಲೆ ಚಂಡಮಾರುತ ಒಂದೇ ದಿನದಲ್ಲಿ ಉಗ್ರವಾಗಬಹುದು. ಆಗ ಆಳಸಮುದ್ರದಲ್ಲಿರುವ ದೋಣಿಗಳಿಗೆ ದಡ ಸೇರಲು ಸಮಯ ಸಿಗುವುದಿಲ್ಲ. ಇಂಥ ಹೊತ್ತಿನಲ್ಲಿ ಹಳೆಯ ವಿಡಿಯೊ ಹಂಚಿದರೆ ನಿಜವಾದ ಎಚ್ಚರಿಕೆಯನ್ನೂ ಜನ ನಂಬದಂತಾಗುತ್ತದೆ. ಸಂದೇಶ ಕಳುಹಿಸುವ ಮುನ್ನ ಭಾರತೀಯ ಹವಾಮಾನ ಇಲಾಖೆಯ ಪ್ರಕಟಣೆ ನೋಡಿ, ಅದರ ದಿನಾಂಕವನ್ನೂ ಗಮನಿಸಿ.

ಒಟ್ಟಿನಲ್ಲಿ: ಚಂಡಮಾರುತ ಹೊಸದಲ್ಲ. ಎಲ್ಲೆಡೆ ಅವುಗಳ ಸಂಖ್ಯೆ ಹೆಚ್ಚುತ್ತದೆ ಎನ್ನುವುದೂ ಸರಿಯಲ್ಲ. ಆದರೆ ಅರಬ್ಬಿ ಸಮುದ್ರದಲ್ಲಿ ಹೆಚ್ಚಿರುವುದು ನಿಜ.