ಕುದುರೆಯ ರಕ್ತ ಮತ್ತು ಗಡಿಯಾರ

ಬೀದರಿನ ಗಾಂಧಿ ಗಂಜಿನಲ್ಲಿ ಕಡಲೆ ಚೀಲ ಬಿಚ್ಚುವುದನ್ನು ಕಂಡಾಗೆಲ್ಲ ನನಗೆ ಅಫನಾಸಿ ನಿಕಿತಿನ್ ನೆನಪಾಗುತ್ತಾನೆ. 15ನೇ ಶತಮಾನದಲ್ಲಿ ಹೊರ್ಮುಜಿನಿಂದ ಒಂದೇ ಒಂದು ಗಂಡುಕುದುರೆಯನ್ನು ಹಡಗು ಹತ್ತಿಸಿಕೊಂಡು ಬಂದು, ಬಹಮನಿಗಳ ಬೀದರಿನಲ್ಲಿ ಮಾರಿದ ರಷ್ಯದ ವ್ಯಾಪಾರಿ ಆತ. ಇಲ್ಲಿಯವರು ಕುದುರೆಗೆ ಕಡಲೆಕಾಳು ಹಾಕುತ್ತಾರೆ, ಸಕ್ಕರೆ ಎಣ್ಣೆ ಬೆರೆಸಿದ ಖಿಚಡಿ ತಿನ್ನಿಸುತ್ತಾರೆ, ನಸುಕಿನಲ್ಲಿ ಕೊಡುವ ತಿನಿಸೇ ಬೇರೆ ಎಂದು ಬರೆದಿಟ್ಟ. ಹೊತ್ತು ನೋಡಿ ಮೇವು ಹಾಕುವುದು ಲಾಯದವರಿಗೆ ಅಷ್ಟು ಹಳೆಯ ರೂಢಿ. ವಿಜ್ಞಾನ ಅಲ್ಲಿಗೆ ಬಂದದ್ದು ತಡವಾಗಿ, ಅದೂ ಇಲಿಯ ಬೆನ್ನುಹತ್ತಿ.

ದೇಹದ ದಿನಚರಿಗೆ 'ಸರ್ಕೇಡಿಯನ್' ಎಂಬ ಹೆಸರಿಟ್ಟ ಫ್ರಾಂಜ್ ಹಾಲ್‌ಬರ್ಗ್ 1960ರಲ್ಲಿ ಇಲಿಗಳಿಗೆ ಬ್ಯಾಕ್ಟೀರಿಯಾದ ವಿಷ, ಅಂದರೆ ಎಂಡೋಟಾಕ್ಸಿನ್, ಚುಚ್ಚಿದರು. ಪ್ರಮಾಣ ಒಂದೇ. ಒಂದು ಹೊತ್ತಿನಲ್ಲಿ ಚುಚ್ಚಿದರೆ ಬಹುಪಾಲು ಸತ್ತವು; ಇನ್ನೊಂದು ಹೊತ್ತಿನಲ್ಲಿ ಬಹುಪಾಲು ಬದುಕಿದವು. 1971ರಲ್ಲಿ ಕೊನೊಪ್ಕ ಮತ್ತು ಬೆನ್ಜರ್ ಹಣ್ಣಿನ ನೊಣದಲ್ಲಿ ದೇಹದೊಳಗಿನ ಗಡಿಯಾರದ ಜೀನ್ ಗುರುತಿಸಿದರು. ಆ ದಾರಿಗೆ ನೊಬೆಲ್ ಸಿಕ್ಕಿದ್ದು 2017ರಲ್ಲಿ.

ಕುದುರೆ ಮಾತ್ರ ಸುಲಭಕ್ಕೆ ಮಣಿಯಲಿಲ್ಲ. ಹಗಲೂ ಮೇಯುತ್ತದೆ, ರಾತ್ರಿಯೂ ಮೇಯುತ್ತದೆ, ನಿದ್ದೆ ತುಣುಕು ತುಣುಕು. ಅದರ ರಕ್ತದ ಕಾರ್ಟಿಸಾಲ್ ಹಾರ್ಮೋನು ಬೆಳಿಗ್ಗೆ ಏರಿ ಸಂಜೆಗೆ ಇಳಿಯುತ್ತದೆ. ಆದರೆ ಪರಿಚಿತ ಜಾಗ ಬಿಡಿಸಿದರೆ ಸಾಕು, ಈ ಏರಿಳಿತವೇ ಅಳಿಸಿಹೋಗಬಹುದು ಎಂದು 1994ರಲ್ಲಿ ಅರ್ವಿನ್ ಮತ್ತು ಅಲೆಗ್ಸಾಂಡರ್ ತೋರಿಸಿದರು. ಲಾಯ ಬದಲಾದ ಕುದುರೆಯ ರಕ್ತಪರೀಕ್ಷೆಯನ್ನು ನಂಬುವವರು ಇದನ್ನೊಮ್ಮೆ ಓದಬೇಕು.

ನಿಜವಾದ ಅಚ್ಚರಿ ಬಂದದ್ದು ಬಾರ್ಬರಾ ಮರ್ಫಿ ಮತ್ತು ಸಂಗಡಿಗರು ಅಮೆರಿಕದ ಕೆಂಟಕಿಯಲ್ಲಿ ನಡೆಸಿದ ಕೆಲಸದಿಂದ. ಕುದುರೆಯ ಕೊಬ್ಬಿನಲ್ಲಿ ಗಡಿಯಾರದ ಜೀನುಗಳು 24 ಗಂಟೆಯ ಲಯದಲ್ಲಿ ಏರಿಳಿಯುತ್ತಿದ್ದವು. ರಕ್ತದಲ್ಲಿ ಆ ಲಯ ಕಾಣಲಿಲ್ಲ. 2007ರ ಪ್ರಬಂಧದಲ್ಲಿ ಅವರು ಕುದುರೆಗಳಿಗೆ ಎಂಡೋಟಾಕ್ಸಿನ್ ಕೊಟ್ಟು ಉರಿಯೂತ ತರಿಸಿ ನೋಡಿದರು. ಮೈ ಬಿಸಿಯಾಯಿತು, ಸುಮ್ಮನಿದ್ದ ರಕ್ತದಲ್ಲಿ ಪರ್-2, ಬಿಮ್ಯಾಲ್-1 ಎಂಬ ಗಡಿಯಾರದ ಜೀನುಗಳು ಸ್ವಲ್ಪ ಹೊತ್ತು ಒಟ್ಟಿಗೇ ಚುರುಕಾದವು. ಹಾಲ್‌ಬರ್ಗ್ ಅವರ ಇಲಿಗಳಲ್ಲಿ ಹೊತ್ತು ಉರಿಯೂತವನ್ನು ಆಳಿತ್ತು. ಇಲ್ಲಿ ಉರಿಯೂತವೇ ಗಡಿಯಾರಕ್ಕೆ ಕೈಹಾಕಿತು.

ಆ ವಿಷ ಪ್ರಯೋಗಶಾಲೆಯ ಸರಕು ಮಾತ್ರವಲ್ಲ. ಹಗ್ಗ ಬಿಚ್ಚಿಕೊಂಡ ಕುದುರೆ ಜೋಳದ ಚೀಲಕ್ಕೆ ಬಾಯಿ ಹಾಕಿತೆನ್ನಿ. ಜೀರ್ಣವಾಗದ ಪಿಷ್ಟ ದೊಡ್ಡಕರುಳಿಗಿಳಿದು ಹುಳಿಯುತ್ತದೆ, ಅಲ್ಲಿನ ಬ್ಯಾಕ್ಟೀರಿಯಾ ಸಾಯುತ್ತವೆ, ಅವುಗಳ ಎಂಡೋಟಾಕ್ಸಿನ್ ರಕ್ತಕ್ಕೆ ಸೋರುತ್ತದೆ. ಒಂದೆರಡು ದಿನದಲ್ಲಿ ಗೊರಸಿಗೆ ಅಂಗೈ ಇಟ್ಟರೆ ಬಿಸಿ. ಕಾಲಿನ ನಾಡಿ ಹೊಡೆದುಕೊಳ್ಳುತ್ತಿರುತ್ತದೆ. ಮುಂಗಾಲಿಗೆ ಭಾರ ಬೀಳದಂತೆ ಕುದುರೆ ಹಿಂದಕ್ಕೆ ವಾಲಿ ನಿಲ್ಲುತ್ತದೆ. ಇದು ಲ್ಯಾಮಿನೈಟಿಸ್, ಗೊರಸಿನೊಳಗಿನ ಉರಿಯೂತ. ಈ ನೋವು ಯಾವ ಹೊತ್ತಿನಲ್ಲಿ ಹೆಚ್ಚು, ಔಷಧ ಯಾವ ಹೊತ್ತಿಗೆ ಚೆನ್ನಾಗಿ ನಾಟುತ್ತದೆ ಎಂಬ ಪ್ರಶ್ನೆಗಳು ನನ್ನ ದೃಷ್ಟಿಯಲ್ಲಿ ಜೀನುಗಳಷ್ಟೇ ಮುಖ್ಯ.

ಮರ್ಫಿ ಮುಂದೆ ಬೆಳಕಿನ ಕಡೆ ಹೊರಳಿದರು. ಒಂದು ಕಣ್ಣಿಗೆ ನೀಲಿ ಬೆಳಕು ಬೀರುವ ಮುಖವಾಡ ತೊಡಿಸಿ, ಹಗಲು ಉದ್ದವಾದಂತೆ ಬರುವ ಹೆಣ್ಣುಕುದುರೆಗಳ ಬೆದೆಯನ್ನು ಮುಂಚಿತವಾಗಿ ತರಿಸುವ ಉಪಾಯ ಅದು. ಕೆಂಟಕಿಯಲ್ಲಿ ಬೇಸಿಗೆಯ ಹಗಲಿಗೂ ಚಳಿಗಾಲದ ಹಗಲಿಗೂ ಐದು ಗಂಟೆಗಿಂತ ಹೆಚ್ಚು ವ್ಯತ್ಯಾಸ. ಬೀದರಿನಲ್ಲಿ ಅದು ಸುಮಾರು ಎರಡು ಗಂಟೆ. ಹಾಗಾಗಿ ಅಲ್ಲಿನ ಲೆಕ್ಕವನ್ನು ಇಲ್ಲಿಗೆ ಹಾಗೇ ಎತ್ತಿಕೊಳ್ಳಲು ಬರುವುದಿಲ್ಲ. ಇಲ್ಲಿನ ಲೆಕ್ಕ ಹಾಕಲು ಬೀದರಿನ ನಂದಿನಗರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇದೆ. ಗಡಿಯಾಚೆ ನಾಂದೇಡ ಜಿಲ್ಲೆಯ ಮಾಳೆಗಾಂವ ಜಾತ್ರೆಗೆ ಪ್ರತಿ ಚಳಿಗಾಲ ಕುದುರೆಗಳು ಬಂದು ನೆರೆಯುತ್ತವೆ. ಥರ್ಮಾಮೀಟರು ಹಿಡಿದು ನಸುಕಿಗೊಮ್ಮೆ, ಸಂಜೆಗೊಮ್ಮೆ ಅವುಗಳ ಸಾಲಿನಲ್ಲಿ ಓಡಾಡಿದರೂ ಕೆಲಸ ಶುರುವಾದಂತೆಯೇ.